ಬಿ.ಎಸ್ಸಿ. ಎಂದು ಸಹಿ ಮಾಡಿದ ಸುಳ್ಳು

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ಎಂದೂ ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ ಫಕ್ಕೀರಪ್ಪ. ಅಗಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನವ್ವನಿಗೆ ಹೇಳಿದ್ದರು: “ಸಗಣಿ ಬಳಿಯೋ ಕೈಯಾಗ ಪೆನ್ನು ನಿಂದ್ರಂಗಿಲ್ಲ ತಂಗೀ. ಇಂವಾ ಡಿಗ್ರಿ ಮಾಡಿದಾ ಅಂದ್ರ ನಾ ಮೀಸಿ ತಗಸ್ತೀನಿ.”

ಡಿಗ್ರಿ ಆಯಿತು. ಮಾವ ಮೀಸೆ ತೆಗೆಸಲಿಲ್ಲ, ಮಗಳನ್ನು ಕೊಟ್ಟರು. ಆ ಡಿಗ್ರಿಯನ್ನು ನನ್ನ ಹೆಸರಿನ ಮುಂದೆ ನಾನು ಮೊಟ್ಟಮೊದಲು ಬರೆದದ್ದು ಒಂದು ಸುಳ್ಳಿನ ಕೆಳಗೆ — ಅದೇ ಮಗಳ ಬಗ್ಗೆ, ನನ್ನ ಕೈಯಾರೆ ಬರೆದ ಸುಳ್ಳಿನ ಕೆಳಗೆ. ಇದನ್ನು ಹೇಳಲೆಂದೇ ಕುಳಿತಿದ್ದೇನೆ. ಉಳಿದದ್ದೆಲ್ಲ ಅದು ಹೇಗಾಯಿತು ಎಂಬ ಹುಡುಕಾಟ.

ನಾನು ಓದಿದ್ದು ಹಾವೇರಿಯಲ್ಲಿ. ಬೆಳಿಗ್ಗೆ ದನದ ಕೊಟ್ಟಿಗೆ ಬಳಿದು, ಕೈ ಮೂಸಿ ನೋಡಿಕೊಂಡು, ಮತ್ತೊಮ್ಮೆ ತೊಳೆದು ಬಸ್ಸು ಹತ್ತುತ್ತಿದ್ದೆ. ಮೂರು ವರ್ಷ ಹೀಗೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವರೇ ಇಬ್ಬರು, ಪದವಿ ಪಡೆದವನು ನಾನೊಬ್ಬ. ಈ ಹೆಮ್ಮೆ ಇಂದಿಗೂ ನನಗಿದೆ. ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು.

ಮದುವೆಗೆ ಮೊದಲೇ ನನ್ನ ವಿಷಯ ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ — ಅದಕ್ಕೊಂದು ಹೆಸರಿದೆ ಎಂಬುದು ಗೊತ್ತಿರಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರಿಗೆ ಒಂದು ಸೂಕ್ಷ್ಮದರ್ಶಕ. ನನ್ನ ಜೊತೆಗಾರ ಅದರ ಮೇಲೆ ಬಾಗಿದಾಗ ಅವನ ಕಿವಿಯ ಹಿಂದೆ ಕಾಣುತ್ತಿದ್ದ ಮಚ್ಚೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಗಾಜಿನ ಪಟ್ಟಿಯ ಮೇಲೆ ಏನಿತ್ತು ಎಂಬುದು ಒಂದಿಷ್ಟೂ ನೆನಪಿಲ್ಲ. ಮದುವೆಯಾದರೆ ಸರಿಹೋಗುತ್ತದೆ ಎಂದುಕೊಂಡೆ. ಯಾರು ಹೇಳಿದ್ದರು ಹಾಗೆಂದು? ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡೆ. ಅದನ್ನು ಪರೀಕ್ಷಿಸಲು ಒಬ್ಬಳ ಬಾಳನ್ನು ತೆಗೆದುಕೊಂಡೆ.

ಗಿರಿಜಾ — ಮಾವನ ಮಗಳು, ಕದರಮಂಡಲಗಿಯವಳು. ಏಳನೆಯ ಇಯತ್ತೆವರೆಗೆ ಓದಿದ್ದಳು. ಎಡಚಿ. ಎಡಗೈಯಲ್ಲಿ ರೊಟ್ಟಿ ಬಡಿದರೆ ನನ್ನವ್ವ ಗೊಣಗುತ್ತಿದ್ದಳು, ಆದರೆ ರೊಟ್ಟಿ ಮಾತ್ರ ಹುಣ್ಣಿಮೆಯ ಚಂದ್ರನಂತೆ ಏಳುತ್ತಿತ್ತು. ಐದು ವರ್ಷ ಒಂದೇ ಕೋಲಿಯಲ್ಲಿ ಎರಡು ಚಾಪೆ. ಮೊದಲ ವರ್ಷ ಅವಳು ಎರಡನ್ನೂ ಕೂಡಿಸಿ ಹಾಸುತ್ತಿದ್ದಳು. ಆಮೇಲೆ ಅವಳೇ ನಡುವೆ ಒಂದು ಗೇಣು ಬಿಟ್ಟಳು. ಒಮ್ಮೆ ಮಾತ್ರ ಕೇಳಿದಳು: “ನನ್ನಾಗ ಏನರ ಐಬು ಐತೇನ್ರಿ?”

“ಏನಿಲ್ಲ, ಮಲಗು” ಎಂದೆ.

ನನ್ನವ್ವ ಅವಳನ್ನು ಗುಡಿಯಿಂದ ಗುಡಿಗೆ ಕರೆದೊಯ್ದಳು. ತನ್ನ ತವರೂರಿನ ಆಂಜನೇಯನಿಗೆ ಗಿರಿಜಾ ಒದ್ದೆ ಸೀರೆಯಲ್ಲಿ ಸುತ್ತು ಹಾಕುವಾಗ ನಾನು ಹೊರಗೆ ಚಪ್ಪಲಿ ಕಾಯುತ್ತ ನಿಂತಿದ್ದೆ. ದೇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳು ಸುತ್ತು ಹಾಕಿದಳು, ಯಾರಿಗೂ ಒಂದು ಮಾತು ಹೇಳಲಿಲ್ಲ. ಏಕೆ? ಈ ಪ್ರಶ್ನೆ ಹದಿಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಕೊನೆಗೆ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ನಮ್ಮ ಕಡೆ ಗಂಡಹೆಂಡಿರು ಬೇರೆಯಾಗಲು ಕೋರ್ಟಿಗೆ ಹೋಗುವುದಿಲ್ಲ. ಹಿರಿಯರ ಎದುರು ಸೋಡಚೀಟಿ ಬರೆಯುತ್ತಾರೆ. ಅದರಲ್ಲಿ ಕಾರಣ ಇರಬೇಕು. ಮುಂದೆ ಆ ಹೆಣ್ಣಿಗೆ ಉಡಿಕಿ ಎಂದರೆ ಎರಡನೆಯ ಸಂಬಂಧ ಬಂದಾಗ, ಬಂದವರು ಮೊದಲು ಕೇಳುವುದು ಆ ಚೀಟಿಯನ್ನು. ಇದು ನನಗೆ ಗೊತ್ತಿತ್ತು — ಚೆನ್ನಾಗಿ ಗೊತ್ತಿತ್ತು.

ಬರೆಯಬೇಕಾಗಿದ್ದ ಶಾಲೆಯ ಮಾಸ್ತರರು ಆ ದಿನ ಬರಲಿಲ್ಲ. ಹಿರಿಯರಲ್ಲಿ ಒಬ್ಬರು ಎಂದರು: “ಮನ್ಯಾಗ ಡಿಗ್ರಿ ಓದಿದಾಂವ ಇರೂವಾಗ ಹೊರಗಿನಾವ್ರು ಯಾಕ ಬೇಕು? ಶಿವಪ್ಪಾ, ನೀನ ಬರಿ.”

ನನಗೆ ಹೆಮ್ಮೆಯಾಯಿತು. ಹೌದು, ಆ ಹೊತ್ತಿನಲ್ಲೂ. ಕಾರ್ಬನ್ ಇಟ್ಟು, ಎರಡು ಪ್ರತಿ ಬರುವಂತೆ ಪೆನ್ನು ಒತ್ತಿ ಬರೆಯತೊಡಗಿದೆ. ಕಾರಣದ ಸಾಲು ಬಂದಾಗ ಕೈ ನಿಂತಿತು. “ಏನಂತ ಬರೀಬೇಕ್ರಿ?” ಎಂದು ಕೇಳಿದೆ. “ನಿನಗ ಗೊತ್ತಿದ್ದಿದ್ದು ಬರಿಯಪಾ, ಓದಿದಾಂವ ನೀನು” ಎಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ‘ಮನಸ್ಸು ಕೂಡಲಿಲ್ಲ’ ಎಂದು ಬರೆದಿದ್ದರೂ ನಡೆಯುತ್ತಿತ್ತು. ಎಷ್ಟೋ ಚೀಟಿಗಳಲ್ಲಿ ಹಾಗೆಯೇ ಇರುತ್ತದೆ. ಆದರೆ ಹಾಗೆ ಬರೆದರೆ ಏಕೆ ಕೂಡಲಿಲ್ಲ, ಯಾರ ಮನಸ್ಸು ಕೂಡಲಿಲ್ಲ ಎಂದು ಯಾರಾದರೂ — ಆ ಪ್ರಶ್ನೆ ಹುಟ್ಟದಂಥ ಸಾಲು ನನಗೆ ಬೇಕಿತ್ತು. ‘ಸದರಿ ಗಿರಿಜವ್ವಳಿಗೆ ಸಂತಾನಭಾಗ್ಯ ಇಲ್ಲವೆಂದು ಖಾತ್ರಿಯಾದ ಕಾರಣ’ ಎಂದು ಬರೆದೆ. ಖಾತ್ರಿ ಎಂಬ ಪದವನ್ನು ನಾನೇ ಹುಡುಕಿದ್ದು. ಕೆಳಗೆ ಹೆಸರು ಬರೆದು, ಒಂದು ಗಳಿಗೆ ಯೋಚಿಸಿ, ಬಿ.ಎಸ್ಸಿ. ಎಂದು ಸೇರಿಸಿದೆ. ಗಟ್ಟಿಯಾಗಿ ಓದಿದೆ. ಮಾವ ಹೆಬ್ಬೆಟ್ಟು ಒತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಅದು ನನ್ನ ಎಡಗೈಯಲ್ಲೇ ಇತ್ತು.

ಆಮೇಲೆ ನಾನು ಮತ್ತೆ ಮದುವೆಯಾಗಲಿಲ್ಲ. ಊರವರು ಅದಕ್ಕೂ ನನ್ನನ್ನೇ ಹೊಗಳಿದರು: “ಬಂಜಿ ಅಂತ ಬಿಟ್ಟರೂ ಆಕೀನ ಮರೀಲಿಲ್ಲ ನೋಡ್ರಿ, ದೊಡ್ಡ ಮನಸಿನಾಂವ.” ನಾನು ಆ ಹೊಗಳಿಕೆಯನ್ನೂ ಸುಮ್ಮನೆ ಉಂಡೆ.

ನನ್ನವ್ವ ತೀರಿಕೊಂಡ ಮೇಲೆ, ನಲವತ್ತೊಂದನೆಯ ವಯಸ್ಸಿನಲ್ಲಿ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಅಗಡಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಮಹಾ — ಅಷ್ಟರಲ್ಲಿ ಮನುಷ್ಯ ಇನ್ನೊಬ್ಬನಾಗಬಲ್ಲನೇ? ಸ್ಟೇಷನ್ ರಸ್ತೆಯಲ್ಲಿ ನಡೆದರೆ ಯಾರೂ ‘ಯಾರ ಮಗನಪಾ ನೀ’ ಎಂದು ಕೇಳುವುದಿಲ್ಲ. ಆಟೋದವರು ಕೇಳುವುದು ‘ಎಲ್ಲಿಗ್ರಿ’ ಎಂದು ಮಾತ್ರ. ಎಲ್ಲಿಂದ ಬಂದೆ ಎಂಬುದು ಯಾರಿಗೂ ಬೇಡದ ಊರು. ಮೊದಲ ವಾರವೆಲ್ಲ ಸುಮ್ಮನೆ ಸುತ್ತಿದೆ — ಕಳೆದುಕೊಂಡದ್ದೇನನ್ನೋ ಹುಡುಕುವವನಂತೆ ಅಲ್ಲ, ಎಂದೂ ನೋಡದ ಒಂದು ಪ್ರಾಣಿಯನ್ನು ಹಗ್ಗ ಹಿಡಿದು ಮೇಯಿಸಲು ಕರೆದೊಯ್ಯುವವನಂತೆ. ಆ ಪ್ರಾಣಿ ನಾನೇ.

ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂಬುದು ನನ್ನ ಹಳೆಯ ಆಸೆ. ಪೇಟೆಯಲ್ಲಿ ದೇವರ ಪಟಗಳಿಗೆ ಗಾಜು, ಚೌಕಟ್ಟು ಹಾಕುವ ಅಂಗಡಿಯೊಂದಿತ್ತು. ಅಂಗಡಿಯವನು ಮೌನೇಶ — ನನಗಿಂತ ಎರಡು ವರ್ಷ ದೊಡ್ಡವನು, ಒಂಟಿ, ಬೆರಳುಗಳ ತುಂಬ ಗಾಜು ಗೀರಿದ ಗುರುತು. ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಕೇಳಿದ: “ಇದನ್ನ ಯಾರಿಗೆ ತೋರ್ಸಾಕ್ರೀ ಸರ? ಮನ್ಯಾಗ ಎಷ್ಟ ಮಂದಿ ಅದೀರಿ?”

“ನಾನೊಬ್ಬನ.”

“ಹಂಗಾರ ನಿಮಗ ನೀವ ತೋರಿಸ್ಕೋಬೇಕು” ಎಂದು ನಕ್ಕ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ನಗುವನ್ನು ಇನ್ನೊಮ್ಮೆ ನೋಡಬೇಕೆನಿಸಿತು.

ಮರುದಿನ ಹೋದಾಗ ಕಟ್ಟು ಸಿದ್ಧವಿತ್ತು. ಜೊತೆಗೆ ಅವನು ಮಡಚಿದ ಇನ್ನೊಂದು ಕಾಗದ ಮುಂದಿಟ್ಟ. ಸರ್ಟಿಫಿಕೇಟಿನ ಹಿಂದೆ, ಅದೇ ಲಕೋಟೆಯಲ್ಲಿ, ಸೋಡಚೀಟಿಯ ಕಾರ್ಬನ್ ಪ್ರತಿ ಅಂಟಿಕೊಂಡಿತ್ತು. “ಇದ್ರಾಗೂ ನಿಮ್ಮ ಹೆಸರ, ಬಿ.ಎಸ್ಸಿ. ಐತಿ. ಇದನ್ನೂ ಕಟ್ಟಲೇನ್ರಿ?” ಎಂದ. ಕುಹಕವಲ್ಲ. ನಿಜವಾಗಿ ಕೇಳುತ್ತಿದ್ದ. ನಾನು ಕಾಗದ ಕಸಿದುಕೊಂಡು ಬಂದುಬಿಟ್ಟೆ.

ಆದರೂ ಮತ್ತೆ ಹೋದೆ. ಮತ್ತೆ ಮತ್ತೆ ಹೋದೆ. ಅವ್ವನ ಫೋಟೋ ಕಟ್ಟಿಸಿದೆ, ದೇವರ ಪಟ ಒಂದೊಂದಾಗಿ ಕಟ್ಟಿಸಿದೆ, ಬೇಡದ ಒಂದು ಕನ್ನಡಿ ಕಟ್ಟಿಸಿದೆ. ಕಟ್ಟಿಸಲು ಏನೂ ಉಳಿಯದಾದಾಗ ಅವನೇ ಎಂದ: “ಸುಮ್ನ ಬರ್ರಿ ಸರ. ಪ್ರತಿ ಸಲ ದೇವ್ರನ್ನ ಯಾಕ ಹೊತ್ಕೊಂಡ ಬರ್ತೀರಿ?” ಆರು ತಿಂಗಳ ಮೇಲೆ ಅಂಗಡಿಯ ಮೇಲಿನ ಮಾಳಿಗೆಗೆ ಬಾಡಿಗೆಗೆ ಹೋದೆ. ಬಾಡಿಗೆಗೆ — ಎಂದು ಓಣಿಯವರಿಗೆ ಹೇಳಿದೆವು.

ನಾನು ಊಟ ಮಾಡುವಾಗ ಗುನುಗುತ್ತೇನೆಂದು ನನಗೆ ಗೊತ್ತಾದದ್ದು ಆಗ. ಒಬ್ಬರು ನನಗಾಗಿ ಊಟಕ್ಕೆ ಕಾಯುತ್ತಾರೆ ಎಂದರೆ ಮೆಟ್ಟಿಲು ಎರಡೆರಡು ಹತ್ತುತ್ತೇನೆಂದು ಗೊತ್ತಾದದ್ದೂ ಆಗ. ನಲವತ್ತೆರಡಕ್ಕೆ ನನಗೆ ನಾನೇ ಹೊಸಬ. ಇಷ್ಟು ವರ್ಷ ಎಲ್ಲಿದ್ದ ಇವನು? — ಎಂದು ಕನ್ನಡಿ ನೋಡಿಕೊಂಡರೆ ಉತ್ತರ ಹೊಳೆಯುತ್ತಿತ್ತು. ಇವನನ್ನು ಅಡಗಿಸಿಡಲೆಂದೇ ಆ ಸಾಲು ಬರೆದದ್ದು. ನನ್ನ ಅಡಗುತಾಣಕ್ಕೆ ಗೋಡೆಯಾಗಿ ಒಬ್ಬಳನ್ನು ನಿಲ್ಲಿಸಿದ್ದೆ.

ಮೌನೇಶನಿಗೆ ಎಲ್ಲ ಹೇಳಿದೆ. ಅವನು ಗಾಜು ಕತ್ತರಿಸುವುದನ್ನು ನಿಲ್ಲಿಸಿ ಕೇಳಿದ: “ಆಕಿಗೆ ಖರೇನ ಮಕ್ಕಳಾಗಂಗಿಲ್ಲೇನು?”

“ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನ ಖಾತ್ರಿ ಅಂತ ಬರದ್ಯಾ?”

ಪ್ರಯೋಗಶಾಲೆಯಲ್ಲಿ ನನ್ನ ಕೆಲಸವೇ ಇದು: ನೂರು ಬೀಜಗಳನ್ನು ಒದ್ದೆ ಕಾಗದದ ಮೇಲಿಟ್ಟು, ಸುರುಳಿ ಸುತ್ತಿ, ಇಷ್ಟು ದಿನವೆಂದು ಕಾದು, ಬಿಚ್ಚಿ ಮೊಳಕೆ ಎಣಿಸುವುದು. ಬೀಜ ಇಡದೆಯೇ ಮೊಳಕೆ ಬರಲಿಲ್ಲವೆಂದು ವರದಿ ಬರೆದರೆ ಅದೇ ದಿನ ಮನೆಗೆ ಕಳಿಸುತ್ತಾರೆ. ನನ್ನನ್ನು ಮಾತ್ರ ಯಾರೂ ಎಲ್ಲಿಗೂ ಕಳಿಸಿರಲಿಲ್ಲ.

ಆದರೂ ಸುಮ್ಮನೇ ಇದ್ದೆ. ಒಂದು ವರ್ಷ, ಎರಡು ವರ್ಷ. ಹೊಸ ಬದುಕಿನ ರುಚಿ ಹತ್ತಿತ್ತು. ಹಳೆಯದನ್ನು ಕೆದಕಿದರೆ ಇದೂ ಹೋದೀತೆಂಬ ಭಯ.

ಒಂದು ಬೇಸಿಗೆ, ಮೆಣಸಿನ ಬೀಜದ ಮಾದರಿ ತರಲೆಂದು ಕಂಪನಿ ನನ್ನನ್ನು ಬ್ಯಾಡಗಿಗೆ ಕಳಿಸಿತು. ವರ್ತಕರೊಬ್ಬರ ಅಂಗಳದಲ್ಲಿ ಕೆಂಪು ರಾಶಿಯ ಸುತ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹತ್ತಿಪ್ಪತ್ತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಸೀನುತ್ತ ನಿಂತೆ. ಎಲ್ಲರ ಬಲಗೈ ಆಡುತ್ತಿತ್ತು, ಒಬ್ಬಳದು ಎಡಗೈ.

ಅವಳು ನನ್ನನ್ನು ಆಗಲೇ ನೋಡಿದ್ದಳು. ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಪಕ್ಕದ ಹೆಂಗಸೊಬ್ಬಳು ಎದ್ದು ಸೆರಗು ಜಾಡಿಸಿ ಕೂಗಿದಳು: “ಏ, ಸೋಮವಾರ ನನ್ನ ಮಗಳ ಕುಬಸ ಐತ್ರೆವಾ, ಎಲ್ಲಾರೂ ಬರಬೇಕು. ಹಡಿಯೋ ಹುಡುಗಿ ಉಡಿ ತುಂಬೋದು ಬಿಟ್ಟು ಬರೇ ಹೋಳಿಗಿ ತಿಂದ ಓಡಿ ಬರಬ್ಯಾಡ್ರಿ ಮತ್ತ!” ಎಲ್ಲರೂ ನಕ್ಕರು. ಆಕೆ ಗಿರಿಜಾಳ ಹೆಗಲು ಮುಟ್ಟಿ, ದನಿ ತಗ್ಗಿಸಿ, ಪ್ರೀತಿಯಿಂದಲೇ ಹೇಳಿದಳು: “ಗಿರಿಜವ್ವಾ, ನಿನಗ ಬುತ್ತಿ ಕಟ್ಟಿಸಿ ಕಳಸ್ತೀನಿ, ಹ್ಞಾಂ?”

“ಆಗಲಿಬೇ ಯಕ್ಕಾ” ಎಂದಳು ಗಿರಿಜಾ. ಎಡಗೈ ನಿಲ್ಲಲಿಲ್ಲ.

ಬಸುರಿಯ ಉಡಿ ತುಂಬಲು ಬಂಜೆ ಎನಿಸಿಕೊಂಡವಳನ್ನು ಕರೆಯುವುದಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆನೇನೋ. ಆ ಪ್ರೀತಿ — ಅದನ್ನು ನೋಡಲಾಗಲಿಲ್ಲ. ನೀರು ಕುಡಿಯಲು ಅವಳು ಎದ್ದಾಗ ಹಿಂದೆ ಹೋದೆ. ಏನು ಕೇಳಬೇಕೆಂದು ತಿಳಿಯದೆ, “ಸಂಬಂಧ ಯಾವೂ ಬರಲಿಲ್ಲೇನು?” ಎಂದು ಕೇಳಿದೆ. ಎಂಥ ಪ್ರಶ್ನೆ!

“ಎರಡ ಬಂದಿದ್ದೂರಿ. ಚೀಟಿ ಓದಿಸಿ ನೋಡಿದ್ರು. ಹೋದ್ರು.” ಮೂಗಿನ ಬಟ್ಟೆ ಸರಿಸಿ ನೀರು ಕುಡಿದಳು. “ನಿಮ್ಮ ಅಕ್ಷರ ಭಾಳ ಚಂದ ಅದಾವ ಅಂದ್ರು.”

ಮಾಳಿಗೆಗೆ ಬಂದು, ಆ ಚೀಟಿ ಸುಳ್ಳೆಂದು ಬರೆಯಲು ಕುಳಿತೆ. ಮೊದಲ ಕಾಗದದಲ್ಲಿ ‘ನನಗೆ ಕಾಯಿಲೆ ಇತ್ತು’ ಎಂದು ಬರೆದೆ. ಮೌನೇಶ ಓದಿ, “ಯಾವ ಕಾಯಿಲಿ? ನಿನ್ನ ಕೂಡ ನಾ ಅದೀನಲ್ಲ, ಅದಾ?” ಎಂದ. ಹರಿದೆ. ಅವನು ಮೆಲ್ಲಗೆ ಕೇಳಿದ: “ಖರೇ ಬರದ್ರ ಊರ ಕಡೆ ಮುಖ ಹಾಕಾಕ ಆಗಂಗಿಲ್ಲ. ಸುದ್ದಿ ಇಲ್ಲೀತನಾನೂ ಬರತೈತಿ. ಗೊತ್ತೈತಿಲ್ಲೋ?” ಗೊತ್ತಿತ್ತು. ಓಣಿ, ಕೆಲಸ, ಅವನ ಅಂಗಡಿ — ಎಲ್ಲಕ್ಕೂ ಬರಬಹುದು. “ನಿನಗ ಬ್ಯಾಡಾಗಿದ್ರ ಬರಿಯಂಗಿಲ್ಲ” ಎಂದೆ. ಅವನು ಬಹಳ ಹೊತ್ತು ಚೌಕಟ್ಟಿನ ಮೂಲೆಯೊಂದನ್ನು ಉಜ್ಜುತ್ತಿದ್ದ. ಆಮೇಲೆ “ಕಾರ್ಬನ್ ಇಟ್ಟು ಬರಿ” ಎಂದ.

ಕದರಮಂಡಲಗಿಗೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಮಾವ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಗಿರಿಜಾ ಒಳಗೆ ರೊಟ್ಟಿ ಬಡಿಯುವ ಸಪ್ಪಳ.

“ಯಾರ? ಶಿವಪ್ಪನ? ದಾರಿ ತಪ್ಪಿದೇನೋ ಡಿಗ್ರಿ?” ಎಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ನಾನು ನಿಂತೇ ಕಾಗದ ಚಾಚಿದೆ. “ನನಗೇನ ಓದಾಕ ಬರತೈತಿ? ಮೊದಲಿಂದು ನೀನ ಓದಿದ್ಯಲ್ಲ, ಇದನ್ನೂ ನೀನ ಓದು” ಎಂದು ಒಳಗೆ ಕೂಗಿದರು: “ಗಿರಿಜಾ, ಬಾ ಇಲ್ಲೆ. ನಿನ್ನ ಗಂಡ ಅನಿಸಿಕೊಂಡಾಂವ ಬಂದಾನ.”

ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅಂದು ನಿಂತಂತೆಯೇ. ನಾನು ಓದಿದೆ — ‘ಪ್ರಮಾಣಪತ್ರ. ಹಿಂದೆ ನಾನು ಬರೆದ ಸೋಡಚೀಟಿಯಲ್ಲಿನ ಕಾರಣ ಸುಳ್ಳು. ಐದು ವರ್ಷದಲ್ಲಿ ನಮ್ಮ ನಡುವೆ ಗಂಡಹೆಂಡಿರ ಸಂಬಂಧ ಒಂದು ದಿನವೂ ಆಗಿಲ್ಲ. ಅದಕ್ಕೆ ಕಾರಣ ನಾನು. ನನ್ನ ಮನಸ್ಸು ಹೆಣ್ಣಿನ ಕಡೆಗಿಲ್ಲ, ಗಂಡಿನ ಕಡೆಗಿದೆ. ಇದು ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಗಿರಿಜವ್ವಳಲ್ಲಿ ಯಾವ ಐಬೂ ಇಲ್ಲ.’

ಮಾವ ನನ್ನನ್ನು, ಮೊದಲ ಸಲ ನೋಡುವವರಂತೆ, ಕಾಲಿನಿಂದ ತಲೆಯವರೆಗೆ ನೋಡಿದರು. “ಹಂಗೂ ಇರತೈತೇನು?” ಎಂದರು.

“ಇರತೈತಿ ಮಾವಾ.”

“ಆಕಿಗೆ ಗೊತ್ತಿತ್ತೇನು?”

ಗಿರಿಜಾ ಕೈಯ ಹಿಟ್ಟು ಉದುರಿಸುತ್ತ ಎಂದಳು: “ಹೆಂಡತಿಗೆ ಗೊತ್ತಾಗಂಗಿಲ್ಲೇನಪ್ಪಾ?”

“ಮತ್ತ ಯಾಕ ಬಾಯಿ ಬಿಡಲಿಲ್ಲ?”

“ಬಿಟ್ಟಿದ್ರ ಯಾರ ನಂಬತಿದ್ರು? ಓದಿದಾವ್ರು ಬರದಿದ್ರಲ್ಲ.” ನನ್ನ ಕಡೆ ತಿರುಗಿದಳು. “ಈಗ ಇದ್ರಿಂದ ನನಗೇನ ಆಗಬೇಕ್ರಿ? ನಲವತ್ತಾತು.” ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, “ಕುಬಸಕ್ಕ ಕರದಾರು. ಅಷ್ಟ” ಎಂದಳು.

ಹದಿಮೂರು ವರ್ಷದ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು. ಅವಳು ನನ್ನ ಮಾನ ಕಾಯ್ದಳು, ಕರುಣೆ ತೋರಿದಳು ಎಂದೆಲ್ಲ ನಾನು ಕಟ್ಟಿಕೊಂಡದ್ದು ನನ್ನ ಅನುಕೂಲಕ್ಕೆ. ಅವಳಿಗೆ ಬಾಯಿ ಇತ್ತು. ಆ ಬಾಯಿಗಿಂತ ದೊಡ್ಡದಾಗಿ ನನ್ನ ಡಿಗ್ರಿಯನ್ನು ನಾನು ನಿಲ್ಲಿಸಿದ್ದೆ. ಕ್ಷಮಿಸು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅದನ್ನೂ ಅವಳಿಂದಲೇ ಪಡೆಯುವುದೇ?

ಮಾವ ಒಳಗೆ ಹೋಗಿ, ತಗಡಿನ ಪೆಟ್ಟಿಗೆಯಿಂದ ಹಳೆಯ ಚೀಟಿ ತಂದರು. ಮಡಿಕೆಗಳಲ್ಲಿ ಹರಿದಿತ್ತು, ಎಷ್ಟೋ ಕೈ ದಾಟಿ ಅಂಚು ಕಂದಿತ್ತು. ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಹರವಿ, ಓದಲು ಬಾರದ ಆ ಮುದುಕ, ಬೆರಳಿನಿಂದ ಸಾಲು ಸಾಲಾಗಿ ಇಳಿಯುತ್ತ ಬಂದರು. ಕೆಳಗಿನ ಸಹಿಯ ಹತ್ತಿರ ಬೆರಳು ನಿಂತಿತು. ಅತ್ತ ನೋಡಿದರು, ಇತ್ತ ನೋಡಿದರು.

“ಹಳೇದ್ರಾಗ ನಿನ್ನ ಹೆಸರಿನ ಮುಂದ ಇನ್ನೂ ಏನೋ ಐತಿ. ಹೊಸಾದ್ರಾಗ ಇಲ್ಲ.”

“ಬಿ.ಎಸ್ಸಿ., ಅಪ್ಪಾ” ಎಂದಳು ಗಿರಿಜಾ.

ನಾಚಿಕೆಯಿಂದ ಬಿಟ್ಟಿದ್ದೆ. ಹಾಗೆಂದು ಹೇಳಲು ಬಾಯಿ ತೆರೆದೆ. ಮಾವ ಕಾಗದವನ್ನು ನನ್ನ ಕಡೆ ತಳ್ಳಿದರು. ಜೇಬಿನಿಂದ ಪೆನ್ನು ತೆಗೆದು ಆ ಮೂರು ಅಕ್ಷರ ಬರೆದೆ — ನನ್ನ ಬದುಕಿನಲ್ಲಿ ಅಷ್ಟು ಭಾರದ ಅಕ್ಷರ ಬರೆದಿರಲಿಲ್ಲ — ಎರಡೂ ಕೈಯಲ್ಲಿ ಹಿಡಿದು ಮಾವನ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಹೆಸರಿಗೆ ಆ ಬಾಲ ಬಂತೇ ಎಂದು ನೋಡಿ, ಮಗಳ ಕೈಗೆ ದಾಟಿಸುತ್ತ ಹೇಳಿದರು:

“ಸುಳ್ಳಿಗೆ ಡಿಗ್ರಿ ಹಚ್ಚಿದಾಂವ ಖರೇಕ್ಕ ಯಾಕ ಹಚ್ಚಂಗಿಲ್ಲ?”